ಸಮುರಾಯಿಯ ರೇಷನ್ ಕಾರ್ಡು

ಊರಿಗೆ ಹೊಸ ಸನ್ಯಾಸಿಗಳು ಬಂದಿದ್ದಾರೆ. ಕಾವಿಯಿಲ್ಲ, ಕಮಂಡಲವಿಲ್ಲ, ಸೊಂಟದಲ್ಲಿ ಎರಡು ಕತ್ತಿ, ನೆತ್ತಿಯ ಮೇಲೆ ಜುಟ್ಟು. ಬೆಳಗ್ಗೆ ಕಣ್ಣುಜ್ಜಿಕೊಂಡು ಮೊಬೈಲು ತೆರೆದರೆ ಹೂಬಿಟ್ಟ ಚೆರ್ರಿ ಮರದ ಕೆಳಗೆ ನಮಗೆ ಬೆನ್ನು ಹಾಕಿ ನಿಂತಿರುತ್ತಾರೆ. ಆಸೆ ಬಿಡು ಅನ್ನುತ್ತಾರೆ. ನಾಲಿಗೆ ಚಪಲ ಬಿಡು, ಕೊರಗು ಬಿಡು, ಸಾವಿನ ಭಯ ಬಿಡು ಅನ್ನುತ್ತಾರೆ. ಹಿನ್ನೆಲೆಯಲ್ಲಿ ಕೊಳಲು, ನಡುನಡುವೆ ಡೋಲು. ರೀಲು ಮುಗಿಯುವ ಹೊತ್ತಿಗೆ ಕೆಳಗೊಂದು ಲಿಂಕು: ವಾರಾಂತ್ಯದ ಸಮುರಾಯ್ ಶಿಬಿರ, ನಂದಿಬೆಟ್ಟದ ತಪ್ಪಲಿನ ರೆಸಾರ್ಟು, ಎರಡು ಹೊತ್ತು ಸಾತ್ವಿಕ ಊಟ, ಜಿಎಸ್‌ಟಿ ಪ್ರತ್ಯೇಕ, ಕಟ್ಟಿದ ಹಣ ವಾಪಸಿಲ್ಲ. ಹಣದ ಮೋಹ ಬಿಡಿಸುವ ಪಾಠ ನೋಂದಣಿಯ ಹಂತದಲ್ಲೇ ಯಶಸ್ವಿಯಾಗಿ ಮುಗಿದಿರುತ್ತದೆ.

ನಮ್ಮಲ್ಲಿ ವೈರಾಗ್ಯಕ್ಕೆ ಯಾವತ್ತೂ ಬರಗಾಲ ಬಂದದ್ದಿಲ್ಲ. ಸ್ಮಶಾನ ವೈರಾಗ್ಯ, ಪ್ರಸವ ವೈರಾಗ್ಯ, ಪುರಾಣ ವೈರಾಗ್ಯ ಎಂದು ಹಿರಿಯರು ಬಗೆಬಗೆಯಾಗಿ ವಿಂಗಡಿಸಿ ಇಟ್ಟಿದ್ದರು. ತಿಂಗಳ 25ನೇ ತಾರೀಕಿನ ನಂತರ ಸಂಬಳದಾರನಿಗೆ ತಾನಾಗಿಯೇ ಬರುವ ಅಭಾವ ವೈರಾಗ್ಯವಂತೂ ಮನೆಮನೆಯಲ್ಲಿದೆ. ಆದರೆ ಮನೆಯ ಸರಕಿಗೆ ಬೆಲೆಯಿಲ್ಲ. ತಾತ ಹೇಳಿದರೆ ಕೊರೆತ, ಜಪಾನಿನವನು ಹೇಳಿದರೆ ಮೈಂಡ್‌ಸೆಟ್.

ನನ್ನದೊಂದು ಕೆಟ್ಟ ಚಾಳಿ. ಯಾರಾದರೂ ವೈರಾಗ್ಯ ಹೇಳತೊಡಗಿದರೆ ಅವರ ಮುಖ ನೋಡುವ ಬದಲು ಅವರ ಅಡುಗೆಮನೆ ಕಡೆ ನೋಡುತ್ತೇನೆ. ಅಕ್ಕಿ ಎಲ್ಲಿಂದ ಬರುತ್ತಿದೆ? ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಅನ್ನುವ ಗಾದೆ ನಮ್ಮದೇ. ಸಮುರಾಯಿಗಳ ವಿಷಯದಲ್ಲಿ ಈ ತಪಾಸಣೆ ಬಹಳ ಸುಲಭ. ಏಕೆಂದರೆ ಅವರ ಸಂಬಳವೇ ಅಕ್ಕಿ.

ಕೊಕು ಅನ್ನುವುದು ಅಲ್ಲಿನ ಅಳತೆ. ಒಂದು ಕೊಕು ಎಂದರೆ ಸುಮಾರು 150 ಕೆಜಿ ಅಕ್ಕಿ. ಒಬ್ಬ ಮನುಷ್ಯ ಒಂದು ವರ್ಷ ತಿನ್ನುವಷ್ಟು ಎಂಬ ಲೆಕ್ಕ. ತಿಂಗಳಿಗೆ ಹನ್ನೆರಡೂವರೆ ಕೆಜಿ. ನಮ್ಮ ಅನ್ನಭಾಗ್ಯ ಭರವಸೆ ಕೊಟ್ಟಿದ್ದ 10 ಕೆಜಿಗಿಂತ ಎರಡೂವರೆ ಹೆಚ್ಚು. ಜಪಾನಿನ ದೊರೆಗಳ ದೊಡ್ಡಸ್ತಿಕೆಯನ್ನು ಅಳೆಯುತ್ತಿದ್ದದ್ದು ಇದರಲ್ಲೇ. ಕಾಗಾ ಸಂಸ್ಥಾನದ್ದು 10 ಲಕ್ಷ ಕೊಕು, ಕಾಲಾಳಿನದ್ದು ಬೆರಳೆಣಿಕೆಯಷ್ಟು. ಅಂದರೆ ಪ್ರತಿ ಸಮುರಾಯಿಯ ಸೊಂಟದಲ್ಲಿ ಎರಡು ಕತ್ತಿ ಇದ್ದವು ನಿಜ, ಅದರ ಜೊತೆ ಕಣ್ಣಿಗೆ ಕಾಣದ ಒಂದು ರೇಷನ್ ಕಾರ್ಡೂ ಇತ್ತು. ಎಪಿಎಲ್ ಯಾರು, ಬಿಪಿಎಲ್ ಯಾರು ಎಂಬುದು ಕತ್ತಿಯ ಹೊಳಪಿನಲ್ಲಿ ಗೊತ್ತಾಗುತ್ತಿರಲಿಲ್ಲ, ಕಾರ್ಡಿನಲ್ಲಿ ಗೊತ್ತಾಗುತ್ತಿತ್ತು. ಈಗ ಒಬ್ಬೊಬ್ಬರದೇ ಕಾರ್ಡು ತೆಗೆದು ನೋಡೋಣ.

ಮೊದಲ ಕಾರ್ಡು ಮಿಯಾಮೊಟೊ ಮುಸಾಶಿಯದು. ಶಿಬಿರಗಳ ಕುಲದೇವರು. ಹದಿಮೂರರ ವಯಸ್ಸಿನಿಂದ ಇಪ್ಪತ್ತೊಂಬತ್ತರವರೆಗೆ ಅರವತ್ತಕ್ಕೂ ಹೆಚ್ಚು ಕಾಳಗ ಮಾಡಿ ಒಂದರಲ್ಲೂ ಸೋಲಲಿಲ್ಲ ಎಂದು ತಾನೇ ಬರೆದುಕೊಂಡವನು. ಸೋತವರು ಬರೆಯುವ ಸ್ಥಿತಿಯಲ್ಲಿ ಇರದ ಕಾರಣ ಈ ಲೆಕ್ಕಕ್ಕೆ ಆಕ್ಷೇಪಣೆ ಬಂದಿಲ್ಲ. 1645ರಲ್ಲಿ, ಸಾಯುವ ಒಂದು ವಾರ ಮೊದಲು, ಇಪ್ಪತ್ತೊಂದು ಸೂತ್ರಗಳ ಒಂದು ಪಟ್ಟಿ ಬರೆದು ಶಿಷ್ಯನಿಗೆ ಕೊಟ್ಟ. ಅದರ ಹೆಸರು 'ದೊಕ್ಕೋದೊ'. ರುಚಿಯ ಊಟ ಹುಡುಕಬೇಡ, ವಾಸಕ್ಕೆ ಇಂಥದೇ ಮನೆ ಬೇಕೆನ್ನಬೇಡ, ಹಳೆಯ ಬೆಲೆಬಾಳುವ ವಸ್ತುಗಳನ್ನು ಕೂಡಿಡಬೇಡ, ಮುದಿತನದಲ್ಲಿ ಆಸ್ತಿಪಾಸ್ತಿಗೆ ಆಸೆಪಡಬೇಡ ಎಂಬ ಧಾಟಿ. ಇವತ್ತು ರೀಲುಗಳಲ್ಲಿ ಹರಿದಾಡುವ ಮಾಲಿನ ಅರ್ಧ ಭಾಗ ಇದೇ ಗೋದಾಮಿನದು.

ಕೇಳಿದರೆ ಮೈ ಜುಮ್ಮೆನ್ನುತ್ತದೆ. ಕಾರ್ಡು ನೋಡಿದರೆ ಸ್ವಲ್ಪ ಇಳಿಯುತ್ತದೆ. 1640ರಲ್ಲಿ ಮುಸಾಶಿ ಕುಮಾಮೊಟೊದ ದೊರೆ ಹೊಸೊಕಾವಾ ತದತೊಶಿಯ ಅತಿಥಿಯಾಗಿ ಬಂದ. ಬಂದವನಿಗೆ ಏಳು ಜನರ ಪಡಿ ಅಕ್ಕಿ, ಮುಂದೆ ವರ್ಷಕ್ಕೆ 300 ಕೊಕು, ಇರಲು ಕೋಟೆಯ ಮಗ್ಗುಲಲ್ಲಿ ಮನೆ. ಮುನ್ನೂರು ಕೊಕು ಎಂದರೆ 45 ಟನ್ ಅಕ್ಕಿ. ಹೆಂಡತಿಯಿಲ್ಲದ, ಕಚೇರಿಯಿಲ್ಲದ, ಸಹಿ ಹಾಕಬೇಕಾದ ಹಾಜರಿ ಪುಸ್ತಕವಿಲ್ಲದ ಒಬ್ಬ ಮನುಷ್ಯನಿಗೆ! ಆಮೇಲೆ ಆತ 1643ರಲ್ಲಿ ರೇಗಂದೊ ಗುಹೆಗೆ ಹೋಗಿ ಕೂತು 'ಗೋರಿನ್ ನೊ ಶೊ' ಬರೆದ. ಒಳ್ಳೆಯ ಪುಸ್ತಕ, ಅನುಮಾನವಿಲ್ಲ. ಕತ್ತಿ ಹಿಡಿಯುವ ಬಗೆಯಿಂದ ಹಿಡಿದು ಎದುರಾಳಿಯ ಉಸಿರಾಟ ಅಳೆಯುವವರೆಗೆ ಅನುಭವ ಇದ್ದವನು ಬರೆದದ್ದು. ಆದರೆ ವರ್ಷಕ್ಕೆ 45 ಟನ್ ಅಕ್ಕಿ ಮನೆಬಾಗಿಲಿಗೆ ಬೀಳುವ ಏರ್ಪಾಡಾದರೆ ರುಚಿಯ ಊಟದ ಆಸೆ ಬಿಡಲು ನನಗೇನೂ ಕಷ್ಟವಿಲ್ಲ. ಗುಹೆಗೂ ನಾನೇ ಹೋಗುತ್ತೇನೆ, ಬಾಡಿಗೆ ಉಳಿಯುತ್ತದೆ.

ಸತ್ತ ಮೇಲೆ ಮುಸಾಶಿ ಇನ್ನೂ ದೊಡ್ಡವನಾದ. 1935ರಿಂದ 1939ರವರೆಗೆ ಯೊಶಿಕಾವಾ ಎಯ್‌ಜಿ ಎಂಬ ಕಾದಂಬರಿಕಾರ 'ಅಸಾಹಿ' ಪತ್ರಿಕೆಯಲ್ಲಿ ಅವನ ಕಥೆಯನ್ನು ಧಾರಾವಾಹಿಯಾಗಿ ಬರೆದ. ಇಡೀ ಜಪಾನು ಪತ್ರಿಕೆಗೆ ಕಾದು ಕೂತಿತು. ಇವತ್ತು ಜನ ಮುಸಾಶಿ ಎಂದು ನಂಬಿರುವ ಮನುಷ್ಯ ಬಹುಪಾಲು ಆ ಧಾರಾವಾಹಿಯ ನಾಯಕ. 1980ರ ದಶಕದಲ್ಲಿ ಜಪಾನಿನ ಕಾರು, ಟೀವಿಗಳ ಎದುರು ಸೋತ ಅಮೆರಿಕದ ಮ್ಯಾನೇಜರುಗಳು ಗುಟ್ಟು ಹುಡುಕಲು ಮುಸಾಶಿಯ ಪುಸ್ತಕ ಕೊಂಡು ಬ್ರೀಫ್‌ಕೇಸಿಗೆ ಹಾಕಿಕೊಂಡರು. ಕಾರಿನ ಗುಟ್ಟು ಕಾರಿನ ಕಾರ್ಖಾನೆಯಲ್ಲಿತ್ತು. ನಮ್ಮ ಬಿಡದಿಯ ಕಾರು ಕಾರ್ಖಾನೆಯ ಹುಡುಗರಿಗೆ ಅದು ಚೆನ್ನಾಗಿ ಗೊತ್ತು: ತೆಗೆದ ಸ್ಪ್ಯಾನರನ್ನು ತೆಗೆದ ಜಾಗದಲ್ಲೇ ಇಡುವುದು, ನೆಲದ ಮೇಲೆ ಎಣ್ಣೆ ಬಿದ್ದರೆ ಆಗಲೇ ಒರೆಸುವುದು. ಜಪಾನಿನಿಂದ ಕರ್ನಾಟಕಕ್ಕೆ ನಿಜವಾಗಿ ಬಂದ ಶಿಸ್ತು ಇದು. ಇದರ ಮೇಲೆ ಯಾರೂ ರೀಲು ಮಾಡುವುದಿಲ್ಲ, ಏಕೆಂದರೆ ಚೆರ್ರಿ ಹೂವಿನ ಕೆಳಗೆ ಸ್ಪ್ಯಾನರು ಹಿಡಿದು ನಿಂತರೆ ಲೈಕು ಬರುವುದಿಲ್ಲ.

ಎರಡನೇ ಕಾರ್ಡು ಯಮಾಮೊಟೊ ತ್ಸುನೆತೊಮೊ ಎಂಬವರದು. 1659ರಲ್ಲಿ ಹುಟ್ಟಿ 1719ರಲ್ಲಿ ತೀರಿಕೊಂಡವರು. ಸಾವನ್ನು ಕುರಿತು ಜಪಾನಿನಲ್ಲಿ ಇವರಷ್ಟು ಬಿಸಿಬಿಸಿಯಾಗಿ ಮಾತಾಡಿದವರು ಕಡಿಮೆ. ಸಮುರಾಯಿಯಾದವನು ದಿನಾ ಬೆಳಗ್ಗೆ ಎದ್ದು ತಾನು ಸತ್ತಂತೆಯೇ ಭಾವಿಸಿಕೊಂಡು ಕೆಲಸಕ್ಕೆ ಹೋಗಬೇಕು ಎಂಬುದು ಅವರ 'ಹಗಾಕುರೆ' ಪುಸ್ತಕದ ತಿರುಳು. ಹೀಗೆ ಕೆಲಸಕ್ಕೆ ಹೋಗುವವರನ್ನು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಯಾವ ದಿನ ಬೇಕಾದರೂ ನೋಡಬಹುದು.

ತ್ಸುನೆತೊಮೊ ಜೀವಮಾನದಲ್ಲಿ ಒಂದೇ ಒಂದು ಯುದ್ಧಕ್ಕೂ ಹೋದವರಲ್ಲ. ಹೋಗಲು ಯುದ್ಧವೇ ಇರಲಿಲ್ಲ. ಜಪಾನನ್ನು ಆಳುತ್ತಿದ್ದ ತೊಕುಗಾವಾ ಶೋಗನರ ಕಾಲದ ದೀರ್ಘ ಶಾಂತಿ ಅದು. ಸಾಗಾ ಸಂಸ್ಥಾನದ ದೊರೆ ನಬೆಶಿಮಾ ಮಿತ್ಸುಶಿಗೆಯ ಬಳಿ ಒಂಬತ್ತನೇ ವಯಸ್ಸಿಗೇ ಹುಡುಗ ಸೇವಕನಾಗಿ ಸೇರಿದರು. ದೊರೆಗೆ ಕಾವ್ಯದ ಹುಚ್ಚು. ಹಳೆಯ ಕಾವ್ಯವೊಂದರ ರಹಸ್ಯ ವ್ಯಾಖ್ಯಾನವನ್ನು ಕ್ಯೋಟೊದಿಂದ ಸಂಪಾದಿಸಿ ತರುವುದು ತ್ಸುನೆತೊಮೊ ಅವರ ದೊಡ್ಡ ಜವಾಬ್ದಾರಿಯಾಗಿತ್ತು. 1700ರಲ್ಲಿ ದೊರೆ ಹಾಸಿಗೆ ಹಿಡಿದಾಗ ಓಡಿ ತಂದು ತಲುಪಿಸಿದರು. ಸಾವೇ ಮಾರ್ಗ ಎಂದು ಗುಡುಗಿದ ಮಹಾಶಯರ ಸೇವಾ ಪುಸ್ತಕದಲ್ಲಿ ನಮೂದಾದ ಸಾಹಸ ಇದು: ಕಾವ್ಯದ ಟಿಪ್ಪಣಿ ಡೆಲಿವರಿ.

ದೊರೆ ತೀರಿಕೊಂಡಾಗ ಹಿಂದೆಯೇ ಹೊಟ್ಟೆ ಬಗೆದುಕೊಂಡು ಸಾಯಬೇಕು ಎಂಬ ಹಂಬಲ ಅವರಿಗಿತ್ತು. ಆದರೆ ಅದೇ ದೊರೆ 1661ರಲ್ಲೇ ಇಂಥ ಸಹಮರಣವನ್ನು ತನ್ನ ಸಂಸ್ಥಾನದಲ್ಲಿ ನಿಷೇಧಿಸಿದ್ದ. 1663ರಲ್ಲಿ ಶೋಗನ್ ಸರ್ಕಾರವೇ ಇಡೀ ದೇಶಕ್ಕೆ ನಿಷೇಧ ಹಾಕಿತ್ತು. ಅನುಭವಿ ಆಡಳಿತಗಾರರು ಹೋಗುವಾಗ ಗುಮಾಸ್ತರನ್ನೂ ಕರೆದುಕೊಂಡು ಹೋದರೆ ಕಡತಗಳನ್ನು ನೋಡುವವರು ಯಾರು? ಸರ್ಕಾರಿ ಆದೇಶ ಬಂದ ಮೇಲೆ ಸಾಯುವಂತಿಲ್ಲ. ತ್ಸುನೆತೊಮೊ ತಲೆ ಬೋಳಿಸಿಕೊಂಡು ಊರಾಚೆ ಕುಟೀರ ಕಟ್ಟಿಕೊಂಡರು. ಅಲ್ಲಿಗೆ ತಶಿರೊ ತ್ಸುರಮೊಟೊ ಎಂಬ, ಬರವಣಿಗೆ ಕೆಲಸದಿಂದ ವಜಾ ಆಗಿದ್ದ ಯುವಕ ಬಂದ. ನಿವೃತ್ತ ಹೇಳುತ್ತ ಹೋದರು, ನಿರುದ್ಯೋಗಿ ಬರೆದುಕೊಳ್ಳುತ್ತ ಹೋದ. ವರ್ಷಗಟ್ಟಲೆ ನಡೆದ ಈ ಸತ್ಸಂಗದ ಫಲವೇ ಹನ್ನೊಂದು ಸಂಪುಟಗಳ 'ಹಗಾಕುರೆ'. ಬರೆದದ್ದನ್ನು ಸುಟ್ಟುಬಿಡು ಎಂಬ ಸೂಚನೆಯೂ ಇತ್ತು. ಗುರುವಿನ ಅಷ್ಟೂ ಮಾತು ನಂಬಿದ ಶಿಷ್ಯ ಈ ಒಂದು ಮಾತನ್ನು ಮಾತ್ರ ಕೇಳಲಿಲ್ಲ.

ಆ ಹನ್ನೊಂದು ಸಂಪುಟಗಳಲ್ಲಿ ಸಾವಿನ ಬೆಂಕಿ ಇದೆ ಎಂದು ಹೇಳುವವರು ಉಳಿದದ್ದನ್ನು ಓದುವುದಿಲ್ಲ. ದೊಡ್ಡವರ ಎದುರು ಆಕಳಿಕೆ ಬಂದರೆ ಹಣೆ ಸವರಿಕೊಂಡು ತಡೆಯುವುದು ಹೇಗೆ ಎಂಬ ಉಪದೇಶ ಅದರಲ್ಲಿದೆ. ರಾತ್ರಿ ಕುಡಿದದ್ದು ಬೆಳಗ್ಗೆ ಮುಖದಲ್ಲಿ ಕಾಣದಂತೆ ಜೇಬಿನಲ್ಲಿ ಸ್ವಲ್ಪ ಕೆಂಪು ಬಣ್ಣ ಇಟ್ಟುಕೊಂಡಿರಬೇಕು, ಮುಖ ಬಿಳಿಚಿಕೊಂಡರೆ ಹಚ್ಚಿಕೊಳ್ಳಬೇಕು ಎಂಬ ಸಲಹೆಯೂ ಇದೆ. ಇದು ರಣರಂಗದ ತತ್ವಶಾಸ್ತ್ರವಲ್ಲ, ಮೀಟಿಂಗಿನಲ್ಲಿ ಬದುಕಿ ಉಳಿಯುವ ಕೈಪಿಡಿ. ದೊರೆಯ ಸಾವಿಗೆ ಸೇಡು ತೀರಿಸಿಕೊಂಡು ಇತಿಹಾಸ ಸೇರಿದ ನಲವತ್ತೇಳು ರೋನಿನ್‌ಗಳ, ಅಂದರೆ ದೊರೆಯಿಲ್ಲದ ಸಮುರಾಯಿಗಳ, ಮೇಲೂ ತ್ಸುನೆತೊಮೊ ಅವರಿಗೆ ತಕರಾರಿತ್ತು. 1701ರಲ್ಲಿ ದೊರೆ ಸತ್ತರೆ 1703ರವರೆಗೆ ಯಾಕೆ ಕಾದರು, ಅಷ್ಟರಲ್ಲಿ ಶತ್ರು ಜ್ವರ ಬಂದು ಸತ್ತಿದ್ದರೆ ಏನು ಗತಿ ಎಂದು ಕುಟೀರದಲ್ಲಿ ಕೂತು ಕೇಳಿದರು. ಸೋಫಾದ ಮೇಲೆ ಕೂತು ಕೊಹ್ಲಿಗೆ ಕವರ್ ಡ್ರೈವ್ ಹೇಳಿಕೊಡುವ ಪರಂಪರೆ ಬಹಳ ಹಳೆಯದು.

ಹಾಗೆ ನೋಡಿದರೆ ದೊರೆಯ ಹಿಂದೆ ಸಾಯುವ ವ್ರತದಲ್ಲಿ ನಮ್ಮವರೇ ಮುಂದಿದ್ದರು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದಲ್ಲಿ ಒಂದು ಗರುಡಗಂಬವಿದೆ. 1220ರ ಸುಮಾರಿಗೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ ಹೆಂಡತಿ ಸುಗ್ಗಲದೇವಿಯೊಡನೆ, ತನ್ನ ಪಡೆಯೊಡನೆ ಪ್ರಾಣ ಕೊಟ್ಟ. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ಯೋಧರನ್ನು ಅಲ್ಲಿ ಕಡೆದಿದ್ದಾರೆ. ನಾವು ಅದರ ಎದುರು ಸೆಲ್ಫಿ ತೆಗೆದುಕೊಂಡು ಪಕ್ಕದಲ್ಲಿ ಎಳನೀರು ಕುಡಿಯುತ್ತೇವೆ. 'ಗರುಡ ಮೈಂಡ್‌ಸೆಟ್' ಎಂಬ ಶಿಬಿರ ಇನ್ನೂ ಶುರುವಾಗಿಲ್ಲ. ಅಂಥ ಯೋಧರನ್ನು ಕಟ್ಟಿಹಾಕಿದ್ದ ನಂಟನ್ನು ನಮ್ಮ ಹಳೆಯ ಕವಿಗಳು, ಶಾಸನಗಳು ಜೋಳದ ಪಾಳಿ ಎಂದು ನೇರವಾಗಿಯೇ ಕರೆದವು. ಉಂಡ ಜೋಳಕ್ಕೆ ಕೊಟ್ಟ ಪ್ರಾಣ. ಅಲ್ಲಿ ಅಕ್ಕಿ, ಇಲ್ಲಿ ಜೋಳ. ನಮ್ಮವರು ಕನಿಷ್ಠ ಬಿಲ್ಲಿನ ಮೇಲೆ ಸರಕಿನ ಹೆಸರು ನಮೂದಿಸಿದ್ದರು.

ಮೂರನೇ ಕಾರ್ಡಿನ ಮೇಲೆ ಒಂದು ಹೆಸರಿಲ್ಲ, ಲಕ್ಷಾಂತರ ಹೆಸರುಗಳಿವೆ. 1603ರಿಂದ 1868ರವರೆಗೆ ನಡೆದ ತೊಕುಗಾವಾ ಆಳ್ವಿಕೆಯಲ್ಲಿ ಹೆಚ್ಚಿನ ಸಮುರಾಯಿಗಳು ಮಾಡಿದ್ದು ಗುಮಾಸ್ತಿಕೆ. ಅಕ್ಕಿ ಗೋದಾಮಿನ ಲೆಕ್ಕ, ಕೋಟೆಯ ಬಾಗಿಲ ಕಾವಲು, ವರದಿಗೆ ಪ್ರತಿ. ಮರ್ಯಾದೆ ಕೆಟ್ಟ ಸಾಮಾನ್ಯನನ್ನು ಸ್ಥಳದಲ್ಲೇ ಕಡಿದುಹಾಕುವ ಹಕ್ಕು ಅವರಿಗಿತ್ತು ಎಂದು ಸಿನಿಮಾಗಳು ತೋರಿಸುತ್ತವೆ. ಕಡಿದ ಮೇಲೆ ಕಚೇರಿಗೆ ವರದಿ ಕೊಡಬೇಕಿತ್ತು, ಸಾಕ್ಷಿ ಒದಗಿಸಬೇಕಿತ್ತು ಎಂಬುದನ್ನು ತೋರಿಸುವುದಿಲ್ಲ. ಅಷ್ಟು ಅರ್ಜಿ ಬರೆಯುವುದಕ್ಕಿಂತ ಅವಮಾನ ನುಂಗಿಕೊಳ್ಳುವುದು ವಾಸಿ ಎಂದು ಎಷ್ಟು ಜನ ಕತ್ತಿ ಒರೆಗೆ ಸೇರಿಸಿದರೋ. ಅಹಿಂಸೆಗೆ ಫಾರಂ ತುಂಬಿಸುವುದಕ್ಕಿಂತ ಒಳ್ಳೆಯ ದಾರಿ ಇನ್ನೂ ಸಿಕ್ಕಿಲ್ಲ.

ಇವರಲ್ಲಿ ಶೋಗನನ ನೇರ ಸೇವಕರಾದವರ ಸಂಬಳದ ಅಕ್ಕಿ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಅಸಾಕುಸಾದಲ್ಲಿದ್ದ ಸರ್ಕಾರಿ ಗೋದಾಮುಗಳಲ್ಲಿ, ವರ್ಷಕ್ಕೆ ಮೂರು ಕಂತಿನಲ್ಲಿ ಸಿಗುತ್ತಿತ್ತು. ಅಕ್ಕಿ ಸಿಕ್ಕರೆ ಸಾಕೇ? ಉಪ್ಪು, ಎಣ್ಣೆ, ಮಗಳ ಮದುವೆಗೆ ದುಡ್ಡು ಬೇಕು. ಅಕ್ಕಿಯನ್ನು ದುಡ್ಡು ಮಾಡಿಕೊಡಲು ಫುದಸಾಶಿ ಎಂಬ ದಲ್ಲಾಳಿಗಳು ಹುಟ್ಟಿಕೊಂಡರು. 1724ರಲ್ಲಿ ಅವರ ಸಂಘಕ್ಕೆ ಸರ್ಕಾರದ ಮಾನ್ಯತೆ ಸಿಕ್ಕಿತು, ಸದಸ್ಯರು 109. ದಲ್ಲಾಳಿ ಮೊದಲು ಕಮಿಷನ್ ತೆಗೆದುಕೊಂಡ, ಆಮೇಲೆ ಮುಂದಿನ ಕಂತಿನ ಮೇಲೆ ಸಾಲ ಕೊಟ್ಟ, ಆಮೇಲೆ ಅದರ ಮುಂದಿನ ಕಂತಿನ ಮೇಲೆ. ಹಣವನ್ನು ಮುಟ್ಟುವುದೇ ಅವಮಾನ ಎಂದು ಕಲಿಸಿದ ಜಾತಿ, ಹಣ ಎಣಿಸುವವನ ಅಂಗಡಿ ಜಗಲಿಯಲ್ಲಿ ಸರದಿ ಕಾಯತೊಡಗಿತು. ನಿರ್ಮೋಹದ ಮೊದಲ ಲಕ್ಷಣ ಕಾಣಿಸಿಕೊಂಡಿತು: ಸಾಲ ತೀರಿಸುವ ಬಗ್ಗೆ ಸಂಪೂರ್ಣ ನಿರ್ಲಿಪ್ತತೆ.

ಕೊನೆಗೆ 1789ರಲ್ಲಿ ಮತ್ಸುದೈರಾ ಸದನೊಬು ಎಂಬ ಮಂತ್ರಿ ಶೋಗನನ ನೇರ ಸೇವಕರಾಗಿದ್ದ ಸಮುರಾಯಿಗಳ ಹಳೆಯ ಸಾಲಗಳನ್ನು ಒಂದೇ ಆದೇಶದಲ್ಲಿ ಅಳಿಸಿಹಾಕಿದ. ಮೊತ್ತ 10 ಲಕ್ಷ ರ್ಯೊ ಚಿನ್ನದ ನಾಣ್ಯಕ್ಕೂ ಹೆಚ್ಚು. ಸಾಲಮನ್ನಾ! ಓದುಗರು ಗಮನಿಸಬೇಕು, ಇದು ರೈತರ ಸಾಲಮನ್ನಾ ಅಲ್ಲ, ವೀರರ ಸಾಲಮನ್ನಾ. ರೈತನ ಸಾಲ ಮನ್ನಾ ಮಾಡಿದರೆ ಶಿಸ್ತು ಹಾಳಾಗುತ್ತದೆ ಎಂದು ಟೀವಿಯಲ್ಲಿ ಮುಖ ಸಿಂಡರಿಸುವ ಪಂಡಿತರ ಕೋಣೆಯ ಗೋಡೆಯ ಮೇಲೆ ಸಮುರಾಯಿಯ ಪೋಸ್ಟರು ಇರುವುದುಂಟು. ಸಾಲಮನ್ನಾದ ಮರುದಿನ ದಲ್ಲಾಳಿಗಳು ಹೊಸ ಸಾಲ ಕೊಡುವುದಿಲ್ಲ ಎಂದು ಬಾಗಿಲು ಹಾಕಿಕೊಂಡರು, ವೀರರು ಮತ್ತೆ ಕಂಗಾಲಾದರು.

ಕೆಳದರ್ಜೆಯವರು ಮನೆಯಲ್ಲಿ ಗುಟ್ಟಾಗಿ ಉಪಕಸುಬು ಹಿಡಿದರು. ಛತ್ರಿಗೆ ಕಾಗದ ಅಂಟಿಸಿದರು, ಕಂದೀಲು ಮಾಡಿದರು, ಚಿನ್ನದ ಬಣ್ಣದ ಮೀನು ಸಾಕಿ ಮಾರಿದರು. ಇಂದು ಟೋಕಿಯೊದ ಗದ್ದಲದ ಶಿಂಜುಕು ಇರುವ ಕಡೆ, ಬಂದೂಕು ಪಡೆಯ ಸಮುರಾಯಿಗಳು ಅಜೇಲಿಯಾ ಹೂಗಿಡ ಬೆಳೆದು ಹೆಸರು ಮಾಡಿದರು. ಇನ್ನೂ ಕಷ್ಟದಲ್ಲಿದ್ದವರು ಕತ್ತಿಯ ಅಲಗನ್ನು ಗಿರವಿ ಇಟ್ಟು, ಒರೆಯೊಳಗೆ ಬಿದಿರಿನ ಪಟ್ಟಿ ಸೇರಿಸಿಕೊಂಡು ಓಡಾಡಿದರು. ಮಸಾಕಿ ಕೊಬಯಾಶಿಯ 1962ರ 'ಹರಕಿರಿ' ಚಿತ್ರ ಇಂಥದೊಂದು ಬಿದಿರ ಕತ್ತಿಯ ಸುತ್ತಲೇ ಸುತ್ತುತ್ತದೆ. ಊಟವಿಲ್ಲದಿದ್ದರೂ ಸಮುರಾಯ್ ಹಲ್ಲುಕಡ್ಡಿ ಆಡಿಸುತ್ತ ಉಂಡವನಂತೆ ಹೊರಗೆ ಬರುತ್ತಾನೆ ಎಂಬ ಗಾದೆ ಜಪಾನಿನಲ್ಲಿದೆ. ಇಎಂಐ ಕಟ್ಟಲು ಪರದಾಡುತ್ತ ಏರ್‌ಪೋರ್ಟಿನಿಂದ ಚೆಕ್-ಇನ್ ಫೋಟೊ ಹಾಕುವ ನಮ್ಮ ಹುಡುಗರಿಗೆ ಸಮುರಾಯ್ ತತ್ವ ಬೇರೆ ಕಲಿಸಬೇಕಾಗಿಲ್ಲ.

ಈ ರಾಶಿಯಲ್ಲಿ ನನಗೆ ಗೌರವ ಹುಟ್ಟಿಸಿದ ಕಾರ್ಡು ಒಂದೇ. ಕನಝಾವಾದ ಇನೊಯಾಮಾ ಮನೆತನದ್ದು. 10 ಲಕ್ಷ ಕೊಕುವಿನ ಕಾಗಾ ಸಂಸ್ಥಾನದ ಲೆಕ್ಕ ಕಚೇರಿಯಲ್ಲಿ ತಲೆಮಾರುಗಳಿಂದ ಮಣಿಚೌಕಟ್ಟು ಆಡಿಸಿದ ಸಮುರಾಯಿಗಳು ಇವರು. 1842ರ ಹೊತ್ತಿಗೆ ಮನೆಯ ಸಾಲ ವರ್ಷದ ವರಮಾನದ ಎರಡರಷ್ಟಾಗಿತ್ತು. ದುಂದುವೆಚ್ಚದಿಂದಲ್ಲ, ಸಮುರಾಯಿ ಎನಿಸಿಕೊಳ್ಳುವುದಕ್ಕೇ ಖರ್ಚು. ಹೊರಗೆ ಹೊರಟರೆ ಹಿಂದೆ ಆಳು ಬೇಕು, ನೆಂಟರ ಮನೆಗೆ ಉಡುಗೊರೆ ಬೇಕು, ಮಗುವಿನ ಶಾಸ್ತ್ರಕ್ಕೆ ಔತಣ ಬೇಕು. ಯಜಮಾನನ ಕೈಖರ್ಚಿಗಿಂತ ಆಳಿನ ಕೈಯಲ್ಲೇ ಹೆಚ್ಚು ಕಾಸು ಆಡುತ್ತಿತ್ತು. ಯಜಮಾನ ನವೊಯುಕಿ ಒಂದು ದಿನ ಗಟ್ಟಿ ಮನಸ್ಸು ಮಾಡಿ ಮನೆಯ ಚಹಾ ಪಾತ್ರೆ, ರೇಷ್ಮೆ ಬಟ್ಟೆ, ಪುಸ್ತಕ ಎಲ್ಲ ಮಾರಿ ಸಾಲ ಕೊಟ್ಟವರ ಜೊತೆ ಕೂತು ಮಾತಾಡಿದ. ಅವತ್ತಿನಿಂದ ಪ್ರತಿ ಕಾಸಿನ ಲೆಕ್ಕ ಬರೆದಿಟ್ಟ. ಮಗುವಿನ ಶಾಸ್ತ್ರಕ್ಕೆ ದೊಡ್ಡ ಮೀನು ಬಡಿಸಬೇಕಾದ ಕಡೆ, ಕೊಳ್ಳಲು ದುಡ್ಡಿಲ್ಲದೆ ಮೀನಿನ ಚಿತ್ರ ಬರೆದು ಇಟ್ಟರು. ಮೂವತ್ತೇಳು ವರ್ಷ ನಡೆದ ಆ ಲೆಕ್ಕದ ಪುಸ್ತಕಗಳು ಟೋಕಿಯೊದ ಹಳೆ ಪುಸ್ತಕದಂಗಡಿಯಲ್ಲಿ ಇತಿಹಾಸಕಾರ ಇಸೊದಾ ಮಿಚಿಫುಮಿಯ ಕೈಗೆ ಸಿಕ್ಕಿ, 2003ರಲ್ಲಿ ಪುಸ್ತಕವಾಗಿ, 2010ರಲ್ಲಿ ಸಿನಿಮಾ ಕೂಡ ಆದವು.

ಹಳೆಯ ವಸ್ತು ಕೂಡಿಡಬೇಡ ಎಂದು ಮುಸಾಶಿ ಬರೆದ; ನವೊಯುಕಿ ಮಾರಿದ. ಒಬ್ಬನದು ಸೂತ್ರ, ಇನ್ನೊಬ್ಬನದು ರಸೀದಿ. ನವೊಯುಕಿಗೆ ಈ ಶಿಸ್ತು ಬಂದದ್ದು ನಿರ್ಮೋಹದಿಂದ ಎಂದು ನನಗೆ ಅನ್ನಿಸುವುದಿಲ್ಲ. ಮನೆ ಉಳಿಯಬೇಕು, ಮಕ್ಕಳು ಬದುಕಬೇಕು ಎಂಬ ಅಪ್ಪಟ ಮೋಹದಿಂದ ಬಂದದ್ದು. ಮುಂದೆ ಸಮುರಾಯಿ ವ್ಯವಸ್ಥೆಯೇ ಕುಸಿದಾಗ ಇವನ ಮಗ ನರಿಯುಕಿ ಹೊಸ ಸರ್ಕಾರದ ನೌಕಾಪಡೆಯಲ್ಲಿ ಲೆಕ್ಕಾಧಿಕಾರಿಯಾಗಿ ಒಳ್ಳೆಯ ಸಂಬಳಕ್ಕೆ ಸೇರಿದ. ಕತ್ತಿ ಮಾತ್ರ ಗೊತ್ತಿದ್ದ ನೆಂಟರು ಊರಲ್ಲಿ ಕೈಕಟ್ಟಿ ಕೂತರು.

ಆ ಕುಸಿತ 1876ರಲ್ಲಿ ಪೂರ್ತಿಯಾಯಿತು. ಮೇಜಿ ಸರ್ಕಾರ ಬೀದಿಯಲ್ಲಿ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು, ಅಕ್ಕಿ ಸಂಬಳ ನಿಲ್ಲಿಸಿ ಕೈಗೆ ಸರ್ಕಾರಿ ಬಾಂಡು ಕೊಟ್ಟಿತು. ರೇಷನ್ ಕಾರ್ಡು ರದ್ದು. ಎಷ್ಟೋ ಸಮುರಾಯಿಗಳು ಆ ಬಾಂಡು ಮಾರಿ ಅಂಗಡಿ ತೆರೆದರು. ಗಿರಾಕಿಗೆ ತಲೆಬಾಗಲು ಕುತ್ತಿಗೆ ಒಪ್ಪಲಿಲ್ಲ, ಅಂಗಡಿ ಮುಚ್ಚಿತು. ಸಮುರಾಯಿಯ ವ್ಯಾಪಾರ ಎಂದರೆ ದಿವಾಳಿ ಎಂದು ಜಪಾನಿನಲ್ಲಿ ಇವತ್ತಿಗೂ ನಾಣ್ನುಡಿ. ಹಾಗಾದರೂ ಅದೇ ಸಮುರಾಯಿಯನ್ನು ಮುಂದಿಟ್ಟುಕೊಂಡು ವ್ಯಾಪಾರ ಕಲಿಸುವವರ ಎದೆಗಾರಿಕೆಯನ್ನು ಮೆಚ್ಚಲೇಬೇಕು.

ಸಮುರಾಯಿಗಳು ಮುಗಿದ ಮೇಲೆ ಅವರ ತತ್ವ ಹೊರಬಂತು. ಬರೆದವರು ನಿತೊಬೆ ಇನಝೊ: ಸಮುರಾಯಿ ಮನೆತನದಲ್ಲಿ ಹುಟ್ಟಿದ ಕೃಷಿ ವಿಜ್ಞಾನಿ, ಕ್ವೇಕರ್ ಪಂಥದ ಕ್ರೈಸ್ತರು, ಹೆಂಡತಿ ಫಿಲಡೆಲ್ಫಿಯಾದವರು. ಆರೋಗ್ಯ ಕೆಟ್ಟು ಕ್ಯಾಲಿಫೋರ್ನಿಯಾದಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತ 1899ರಲ್ಲಿ ಇಂಗ್ಲಿಷಿನಲ್ಲಿ 'ಬುಶಿದೊ' ಬರೆದರು. ನಿಮ್ಮ ಶಾಲೆಗಳಲ್ಲಿ ಧರ್ಮಬೋಧೆ ಇಲ್ಲದಿದ್ದರೆ ನೀತಿ ಹೇಗೆ ಕಲಿಸುತ್ತೀರಿ ಎಂದು ಬೆಲ್ಜಿಯಂನ ಪಂಡಿತರೊಬ್ಬರು ಕೇಳಿದ ಪ್ರಶ್ನೆ ಅವರನ್ನು ಕೊರೆಯುತ್ತಿತ್ತು. ಪಡುವಣದವರ ಎದುರು ತಲೆ ಎತ್ತಿ ನಿಲ್ಲಲು ಒಂದು ಚೆಂದದ ಉತ್ತರ ಬೇಕಿತ್ತು, ಬರೆದರು. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮೆಚ್ಚಿ ಪ್ರತಿಗಳನ್ನು ಕೊಂಡು ಗೆಳೆಯರಿಗೆ ಹಂಚಿದರು. 1908ರಲ್ಲಿ ಜಪಾನಿ ಅನುವಾದ ಬಂತು. ತಮ್ಮ ಆತ್ಮ ಹೇಗಿದೆ ಎಂದು ಜಪಾನಿನ ಜನ ಅನುವಾದದಲ್ಲಿ ಓದಿ ತಿಳಿದುಕೊಂಡರು. ಪಡುವಣದವರು ಒಪ್ಪಿದ ಮೇಲೆ ನಮ್ಮ ಯೋಗಕ್ಕೆ ಮ್ಯಾಟು ಬಂದ ಕಥೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಅಲ್ಲಿಯವರೆಗೆ ನಗಬಹುದು. ಆಮೇಲೆ ಈ ವೈರಾಗ್ಯ ಸೈನ್ಯದ ಕೈಗೆ ಹೋಯಿತು. ಶತಮಾನಗಟ್ಟಲೆ ಯಾರೂ ಹೆಚ್ಚಾಗಿ ಓದದಿದ್ದ 'ಹಗಾಕುರೆ' ಬ್ಯಾರಕ್ಕುಗಳಿಗೆ ಬಂತು. 1941ರ ಜನವರಿಯಲ್ಲಿ ಯುದ್ಧ ಮಂತ್ರಿ ತೋಜೊ ಹಿದೆಕಿಯ ಹೆಸರಿನಲ್ಲಿ 'ಸೆನ್‌ಜಿನ್‌ಕುನ್' ಎಂಬ ಸೈನಿಕರ ನೀತಿಸಂಹಿತೆ ಹೊರಟಿತು: ಶತ್ರುವಿಗೆ ಜೀವಂತ ಸೆರೆ ಸಿಕ್ಕುವ ಅವಮಾನಕ್ಕೆ ಒಳಗಾಗಬಾರದು. ನಂಬಿದ ಹಳ್ಳಿ ಹುಡುಗರು ದ್ವೀಪದ್ವೀಪಗಳಲ್ಲಿ ಶರಣಾಗದೆ ಸತ್ತರು. 1944ರಿಂದ ಹರೆಯದ ಹುಡುಗರನ್ನು ವಿಮಾನದಲ್ಲಿ ಕೂರಿಸಿ ಶತ್ರು ಹಡಗುಗಳ ಮೇಲೆ ಬೀಳಲು ಕಳಿಸಿದರು. ಸೋಲಾದ ಮೇಲೆ, 1945ರ ಸೆಪ್ಟೆಂಬರ್ 11ರಂದು, ಬಂಧಿಸಲು ಅಮೆರಿಕನ್ನರು ಮನೆಬಾಗಿಲಿಗೆ ಬಂದಾಗ ತೋಜೊ ಎದೆಗೆ ಗುಂಡು ಹೊಡೆದುಕೊಂಡರು. ಗುರಿ ತಪ್ಪಿತು. ಶತ್ರುವಿನ ವೈದ್ಯರು ಉಳಿಸಿದರು, ಜೀವಂತ ಸೆರೆ ಸಿಕ್ಕರು, ಮೂರು ವರ್ಷ ಸೆರೆಯಲ್ಲಿದ್ದು, ವಿಚಾರಣೆ ಎದುರಿಸಿ, 1948ರ ಡಿಸೆಂಬರಿನಲ್ಲಿ ಗಲ್ಲಿಗೇರಿದರು. ನಿಯಮ ಬರೆದವರಿಗೆ ನಿಯಮದಿಂದ ವಿನಾಯಿತಿ ಸಿಗುವುದು ಎಲ್ಲ ಸಂಹಿತೆಗಳ ಕೊನೆಯ, ಅಚ್ಚಾಗದ ಕಲಮು.

ಯುದ್ಧ ಮುಗಿಯಿತು, ಸರಕು ಉಳಿಯಿತು. ಈ ಸಲ ಕಂಪನಿಗಳು ಕೊಂಡವು. ಸೂಟು ತೊಟ್ಟ ನೌಕರ 'ಕಂಪನಿ ಯೋಧ'ನಾದ. 1980ರ ದಶಕದ ಕೊನೆಗೆ, ಇಪ್ಪತ್ತನಾಲ್ಕೂ ಗಂಟೆ ಕಾದಾಡುವವರಿಗೆಂದು ಶಕ್ತಿ ಪಾನೀಯದ ಜಾಹೀರಾತು ಟೀವಿಯಲ್ಲಿ ಕುಣಿಯಿತು. ದುಡಿದು ದುಡಿದು ಮೇಜಿನ ಮೇಲೇ ಸಾಯುವುದಕ್ಕೆ ಕರೋಶಿ ಎಂಬ ಹೆಸರು ಅಷ್ಟರಲ್ಲಿ ಬಂದಾಗಿತ್ತು. ಸತ್ತವರ ಹೆಂಡಂದಿರು ಕೋರ್ಟು ಹತ್ತಿದರು, ದಶಕಗಟ್ಟಲೆ ಬಿಡಲಿಲ್ಲ. 2014ರಲ್ಲಿ ಕರೋಶಿ ತಡೆ ಕಾನೂನು ಬಂತು. 2019ರಿಂದ ಓವರ್‌ಟೈಮಿಗೆ ಕಾನೂನಿನ ಮಿತಿ ಬಂತು: ಸಾಮಾನ್ಯವಾಗಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360.

ಜಪಾನು ಹೀಗೆ ಔಷಧಿ ಕುಡಿಯುತ್ತಿರುವಾಗ ನಾವು ಅದರ ಕಾಯಿಲೆಯನ್ನು ಆಮದು ಮಾಡಿಕೊಂಡೆವು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಯುದ್ಧಾನಂತರದ ಜರ್ಮನಿ, ಜಪಾನುಗಳನ್ನು ಉದಾಹರಣೆ ಕೊಟ್ಟರು. 2024ರ ಜುಲೈನಲ್ಲಿ ಕರ್ನಾಟಕದ ಐಟಿ ನೌಕರರ ದಿನವನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವದ ಸುದ್ದಿ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ಫಲದ ಆಸೆ ಬಿಟ್ಟು ಕರ್ಮ ಮಾಡಿ ಎನ್ನುವ ಮಾತು ಶೇರು ಉಳ್ಳವರ ಬಾಯಿಂದ ಸಂಬಳದವರ ಕಿವಿಗೆ ಹರಿಯುತ್ತದೆ. ಅದು ಮೇಲ್ಮುಖವಾಗಿ ಹರಿದದ್ದನ್ನು ಯಾರೂ ಕಂಡಿಲ್ಲ. ಲಾಭಾಂಶದ ಆಸೆ ಬಿಡಿ ಎಂದು ಶೇರುದಾರರ ಸಭೆಯಲ್ಲಿ ಯಾವ ಜಪಾನಿ ಗುರು ಹೇಳಿದ್ದಾರೆ?

ಮುಸಾಶಿಯ ಕಾರ್ಡಿನಲ್ಲಿ ರೀಲಿನವರು ಮಡಚಿಟ್ಟ ಒಂದು ಪುಟವಿದೆ. ಅದನ್ನು ಬಿಚ್ಚದಿದ್ದರೆ ಅಕ್ಕಿಯ ಲೆಕ್ಕ ಪೂರ್ತಿಯಾಗುವುದಿಲ್ಲ, ಏಕೆಂದರೆ ಬೆಳೆದವನು ಇನ್ನೂ ಬಂದೇ ಇಲ್ಲ. ಆ ಕಾಲದ ರೂಢಿಯ ಲೆಕ್ಕದಲ್ಲಿ ಬೆಳೆಯ ನಾಲ್ಕು ಪಾಲು ದೊರೆಗೆ, ಆರು ಪಾಲು ರೈತನಿಗೆ. ಎಷ್ಟೋ ಕಡೆ ಐದಕ್ಕೆ ಐದು. ಅಕ್ಕಿ ಬೆಳೆದವರು ಬಾರ್ಲಿ, ಸಿರಿಧಾನ್ಯ ಬೇಯಿಸಿಕೊಂಡು ಉಣ್ಣುತ್ತಿದ್ದರು. ಜಪಾನಿನಲ್ಲಿ ಅಕ್ಕಿಯ ಮೇಲೆ ನಿಜವಾದ ನಿರ್ಮೋಹ ಸಾಧಿಸಿದ್ದವರು ಇವರೇ. ಯಾರೂ ಇವರ ಸೂತ್ರ ಬರೆದುಕೊಳ್ಳಲಿಲ್ಲ. ಶಿಮಾಬರದ ದೊರೆ ಮತ್ಸುಕುರಾ ಮನೆತನ ಇನ್ನೂ ಮುಂದೆ ಹೋಯಿತು. 43 ಸಾವಿರ ಕೊಕು ಅಂದಾಜಿನ ಸೀಮೆಯನ್ನು 1 ಲಕ್ಷ ಕೊಕು ಎಂದು ಲೆಕ್ಕ ತೋರಿಸಿ ಅದರಂತೆ ತೆರಿಗೆ ಎತ್ತಿತು. ಅದರಲ್ಲಿ ಭರ್ಜರಿ ಕೋಟೆ ಕಟ್ಟಿತು. ಬರ ಬಂತು, ಕ್ರೈಸ್ತರಾಗಿದ್ದ ರೈತರ ಮೇಲೆ ಹಿಂಸೆ ಬೇರೆ. 1637ರ ಕೊನೆಗೆ ಜನ ದಂಗೆ ಎದ್ದರು, ಹಾರಾ ಎಂಬ ಪಾಳು ಕೋಟೆ ಹಿಡಿದು ಕೂತರು. ಅವರನ್ನು ಮಣಿಸಲು ಬಂದ ಸೈನ್ಯ ಒಂದು ಲಕ್ಷಕ್ಕೂ ಹೆಚ್ಚು. ಆ ಸೈನ್ಯದ ಕಡೆ ಮುಸಾಶಿಯೂ ಇದ್ದ. ಅರವತ್ತು ಕಾಳಗ ಗೆದ್ದ ಮಹಾವೀರ ಗೋಡೆಯ ಬಳಿ ಬಂದಾಗ ಮೇಲಿನಿಂದ ಒಂದು ಕಲ್ಲು ಬಂದು ಬಡಿಯಿತು. ಕಾಲು ಊರಲೂ ಕಷ್ಟವಾಗಿದೆ ಎಂದು ಆತನೇ ಒಬ್ಬ ದೊರೆಗೆ ಕಾಗದ ಬರೆದಿದ್ದಾನೆ. ಎಸೆದವರ ಹೆಸರು ಯಾರಿಗೂ ಗೊತ್ತಿಲ್ಲ. ಬಹುಶಃ ಅವರು ಯಾವ ಗುರುಕುಲದಲ್ಲೂ ಕತ್ತಿ ಕಲಿತವರಲ್ಲ, ಉಸಿರಾಟ ಅಳೆದವರಲ್ಲ. ಅವರ ಕೈ ನೇರವಾಗಿದ್ದದ್ದು ಮೋಹದಿಂದ: ಹೊಲದ, ಮಕ್ಕಳ, ನಂಬಿದ ದೇವರ ಮೋಹ. ಕೋಟೆಯೊಳಗಿದ್ದ ಸುಮಾರು 37 ಸಾವಿರ ಜನರನ್ನು 1638ರಲ್ಲಿ ಕೊಂದರು. ಮತ್ಸುಕುರಾ ದೊರೆಗೆ ಹೊಟ್ಟೆ ಬಗೆದುಕೊಳ್ಳುವ ಸಮುರಾಯ್ ಮರ್ಯಾದೆಯೂ ಸಿಗಲಿಲ್ಲ. ಸರ್ಕಾರ ಅವನ ತಲೆ ಕಡಿಸಿತು.

ಶಿಸ್ತು ಬೇಡ ಎನ್ನುವಷ್ಟು ಸೋಮಾರಿ ನಾನಲ್ಲ. ಆದರೆ ಅದು ಎಲ್ಲಿ ಹುಟ್ಟುತ್ತದೆ ಎಂಬುದರಲ್ಲಿ ರೀಲಿಗೂ ನನಗೂ ಜಗಳ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಸರ್ಕಾರ 1,777 ಎಕರೆ ಜಮೀನು ಬಿಟ್ಟುಕೊಡಿ ಎಂದಾಗ ರೈತರು ಆ ಮೋಹ ಬಿಡಲು ಒಪ್ಪಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ, ಬಿಸಿಲಿರಲಿ ಮಳೆಯಿರಲಿ, ಸರದಿಯ ಮೇಲೆ ಬಂದು ಧರಣಿ ಕೂತರು. 2025ರ ಜುಲೈನಲ್ಲಿ ಸ್ವಾಧೀನವನ್ನು ಕೈಬಿಟ್ಟದ್ದಾಗಿ ಮುಖ್ಯಮಂತ್ರಿಯೇ ಹೇಳಬೇಕಾಯಿತು. ಬೆಳಗ್ಗೆ ಐದಕ್ಕೆ ಏಳುವುದು, ದಿನ ತಪ್ಪಿಸದಿರುವುದು, ಅವಮಾನ ನುಂಗಿ ಕದಲದೆ ಕೂರುವುದು: ಶಿಬಿರದ ಪಾಠಪಟ್ಟಿಯಲ್ಲಿ ಇರುವುದೆಲ್ಲ ಅಲ್ಲಿ ನಡೆಯಿತು. ಶಿಸ್ತು ಕಲಿಯಬೇಕೆನ್ನುವವರು ಆ ಕಡೆ ಒಮ್ಮೆ ಹೋಗಿ ಬರಬಹುದು. ವೈರಾಗ್ಯದ ಮಾತು ಮಾತ್ರ ಎತ್ತದಿದ್ದರೆ ಕಾಫಿಯೂ ಕೊಟ್ಟಾರು.